ಬೀಗಿತ್ತಿ ತೊಳೆಯುತ್ತಿದ್ದ ಕಲ್ಲು

ನನ್ನ ಬೀಗಿತ್ತಿ ಅಮೆರಿಕದ ಹಳ್ಳಿಯವರು. ಊರೆಂದರೆ ಒಂದು ಚರ್ಚು, ಒಂದು ಪೆಟ್ರೋಲ್ ಬಂಕು, ಉಳಿದದ್ದೆಲ್ಲ ಜೋಳದ ಹೊಲ. ಮಗಳ ಹೆರಿಗೆಗೆಂದು ಅವರು ಮಲೇಷ್ಯಾಕ್ಕೆ ಬಂದಾಗ, ಪುತ್ರಜಯಾ ಹತ್ತಿರದ ನನ್ನ ಮಗನ ಫ್ಲ್ಯಾಟಿನಲ್ಲಿ ನಾನಾಗಲೇ ಬಾಣಂತನದ ಸಾಮಾನು ಹರಡಿಕೊಂಡು ಕೂತಿದ್ದೆ. ಒಂದೇ ಒರೆಯಲ್ಲಿ ಎರಡು ಕತ್ತಿ. ನಾನು ಅಂಟಿನುಂಡೆ ಕಟ್ಟಿದರೆ ಅವರು ಕೇಕು ಬೇಯಿಸುವರು. ದನ ನೋಡಿಕೊಳ್ಳಲು ಅವರ ಗಂಡ ಊರಲ್ಲೇ ಉಳಿದಿದ್ದರು. ಭಾನುವಾರ ಬಂತೆಂದರೆ ಬೀಗಿತ್ತಿ ಇಸ್ತ್ರಿ ಮಾಡಿದ ಫ್ರಾಕು ತೊಟ್ಟು ಹತ್ತಿರದ ಚರ್ಚಿಗೆ ಹೊರಡುತ್ತಿದ್ದರು. ಅಲ್ಲಿ ನಡೆಯುವುದೆಲ್ಲ ತಮಿಳಿನಲ್ಲಿ. ಒಂದಕ್ಷರ ತಿಳಿಯದಿದ್ದರೂ ಕೊನೆತನಕ ಕೂತು ಬರುವರು. ಕೇಳಿದರೆ, ದೇವರಿಗೆ ತಮಿಳು ಬರುತ್ತದಲ್ಲ ಎನ್ನುವರು.

ದಿನ ತುಂಬುವ ಹೊತ್ತಿಗೆ ಮಗು ಹೊಟ್ಟೆಯಲ್ಲೇ ತೀರಿಕೊಂಡಿತು. ಆಸ್ಪತ್ರೆಯಲ್ಲಿ ನೋವು ಬರಿಸಿ ಹೆರಿಗೆ ಮಾಡಿಸಿದರು. ಗಂಡುಮಗು. ತಾಯಿಗೆ ತೋರಿಸಲೇ ಎಂದು ನರ್ಸು ಕೇಳಿದಾಗ ನಾನೇ ಅಡ್ಡ ನಿಂತು ಬೇಡ ಎಂದೆ. ನಮ್ಮಲ್ಲಿ ಹಾಗೆಯೇ. ಮುಖ ನೋಡಿದರೆ ಮೋಹ ಹತ್ತುತ್ತದೆ. ಗಂಡಸರು ಸದ್ದಿಲ್ಲದೆ ಒಯ್ದು ಮಣ್ಣುಮಾಡಿ ಬರಬೇಕು, ಹೆಂಗಸರು ಮತ್ತೆ ಆ ಮಾತೆತ್ತಬಾರದು.

"ಅಮ್ಮಾ, ಅವಳು ನೋಡ್ಬೇಕು ಅಂತಿದಾಳೆ. ಪ್ಲೀಸ್, ಸುಮ್ನಿರು ನೀನು," ಎಂದ ಮಗ.

"ನಿಂಗೇನೋ ಗೊತ್ತು? ಇದನ್ನೆಲ್ಲ ಅನುಭವಿಸಿದೋಳು ನಾನು," ಎಂದು ರೇಗಿದೆ.

ಬೀಗಿತ್ತಿ ನನ್ನ ತೋಳು ಹಿಡಿದು ಹೊರಗಿನ ಬೆಂಚಿಗೆ ಕರೆತಂದರು. ನನಗೆ ತಿಳಿಯಲೆಂದು ನಿಧಾನ ಇಂಗ್ಲಿಷಿನಲ್ಲಿ ಹೇಳಿದರು. ಈ ಮಗಳಿಗಿಂತ ಮುಂಚೆ ಅವರದೂ ಒಂದು ಹೆಣ್ಣುಕೂಸು ಹೀಗೇ ಹೋಗಿತ್ತಂತೆ. ಚರ್ಚಿನ ಹಿಂದೆ ಅದರ ಹೆಸರು ಕೆತ್ತಿದ ಪುಟ್ಟ ಕಲ್ಲಿದೆ. ಪ್ರತಿ ಭಾನುವಾರ ಆ ಕಲ್ಲನ್ನು ತೊಳೆದು, ಸುತ್ತ ಹುಲ್ಲು ಕಿತ್ತು, ಆಮೇಲೆ ಮನೆಗೆ ಹೋಗಿ ಅಡುಗೆ. ಈಗ ಗಂಡ ತೊಳೆಯುತ್ತಿದ್ದಾರೆ, ಅವರಿಗೆ ಸರಿಯಾಗಿ ಬರುವುದಿಲ್ಲ ಎಂದರು. ನನಗೂ ಒಮ್ಮೆ ಹೀಗಾಗಿತ್ತು ಎಂದೆ. ಆಗ ಕೇಳಿದರು: "ನಿಮ್ಮ ಮಗು ಎಲ್ಲಿದೆ?"

ನನಗೆ ಗೊತ್ತಿರಲಿಲ್ಲ. ಮೈಸೂರಿನಲ್ಲಿ, ನನ್ನ ಮೊದಲ ಹೆರಿಗೆ. ಮಾವನವರು ಪಂಚೆಯಲ್ಲಿ ಸುತ್ತಿ ಎಲ್ಲಿಗೋ ಒಯ್ದರು. ಗಂಡೋ ಹೆಣ್ಣೋ ಎಂದು ಕೇಳಿದ್ದಕ್ಕೆ ಅತ್ತೆ, "ಯಾವ್ದಾದ್ರೇನು, ಹೋಯ್ತಲ್ಲ. ಮಲಕ್ಕೋ," ಎಂದಿದ್ದರು. ಹೇಳಬಲ್ಲವರು ಯಾರೂ ಈಗಿಲ್ಲ. ಸುಳ್ಳೇಕೆ ಹೇಳಲಿ, ಆ ಹೆಂಗಸಿನ ಕಲ್ಲು ನೆನೆದು ನನಗೆ ಹೊಟ್ಟೆಕಿಚ್ಚಾಯಿತು.

ಎದ್ದು ಒಳಗೆ ಹೋಗಿ, ಮಗುವನ್ನು ತನ್ನಿ ಎಂದು ನರ್ಸಿಗೆ ನಾನೇ ಹೇಳಿದೆ. ಸೊಸೆ ಅದನ್ನು ಎದೆಗೊತ್ತಿಕೊಂಡು ಬಹಳ ಹೊತ್ತು ಬಿಡಲಿಲ್ಲ. ಅದರ ಕಿವಿಗಳು ನನ್ನ ಮಗನವೇ.

ಮರುದಿನ ಕ್ಲಾಂಗ್ ಕಡೆಯ ಸ್ಮಶಾನಕ್ಕೆ ನಾನೂ ಹೋದೆ. ಮೊಮ್ಮಗನಿಗೆ ಇಟ್ಟ ಹೆಸರು ಹೇಳಿ ಬೀಗಿತ್ತಿ ಪ್ರಾರ್ಥಿಸಿದರು. ಹಿಡಿ ಮಣ್ಣು ಹಾಕುವಾಗ ನನಗೆ ತಡೆಯಲಾರದ ಅಳು ಬಂತು. ಎಲ್ಲರೂ ಮೊಮ್ಮಗನಿಗೆಂದೇ ತಿಳಿದರು. ಬೀಗಿತ್ತಿ ಮಾತ್ರ ಹತ್ತಿರ ಬಂದು, "ನಿಮ್ಮ ಮಗುವಿಗೂ ಪ್ರಾರ್ಥಿಸುತ್ತೇನೆ. ಏನೆಂದು ಕರೆಯಲಿ?" ಎಂದರು.

ಗಂಡೋ ಹೆಣ್ಣೋ ತಿಳಿಯದ ಕೂಸಿಗೆ ಏನು ಹೆಸರು ಹೇಳುವುದು? "ಮಗು," ಎಂದೆ. ಅವರು ನನ್ನ ಕೈ ಹಿಡಿದುಕೊಂಡು, ಆ ಹೆಸರಿನಿಂದಲೇ ಅದನ್ನು ದೇವರಿಗೆ ಒಪ್ಪಿಸಿದರು.