ಎರಡೂ ಕಿವಿಯಲ್ಲಿ ಒಂದೇ ನಗು

ಗಜೇಂದ್ರಗಡ ಬಸ್ ನಿಲ್ದಾಣದ ಎದುರಿನ ಬೂತಿನಿಂದ ರೋಣಕ್ಕೆ ಮಾತಾಡಿದರೆ ಒಂದೆರಡು ರೂಪಾಯಿ. ಸೌದಿಯ ದಮ್ಮಾಮಿಗೆ ನಿಮಿಷಕ್ಕೆ ಹತ್ತು. ಹೆಸರೇ ಕೇಳದ ಯಾವುದೋ ದ್ವೀಪಕ್ಕೆ ನಲವತ್ತು. ಆ ನಲವತ್ತರಲ್ಲಿ ಎಂಟು ರೂಪಾಯಿ ಬೂತಿನ ಕಳಕವ್ವ ಅವರ ಪಾಲು. ಆ ಎಂಟನ್ನು ಬೇಡವೆನ್ನುವುದು ಈಗ ಅವರ ದಿನದ ಕೆಲಸವಾಗಿಬಿಟ್ಟಿದೆ.

ಬೆಳಿಗ್ಗೆ ಹುಬ್ಬಳ್ಳಿಯ ಮೊದಲ ಬಸ್ಸು ಇನ್ನೂ ಗುರುಗುಟ್ಟುತ್ತ ನಿಂತಿರುವಾಗಲೇ ಕಳಕವ್ವ ತಮ್ಮ ಹಳದಿ ಡಬ್ಬಿ ಅಂಗಡಿಯ ಹಲಗೆ ಎತ್ತಿ ಕೋಲು ಕೊಡುತ್ತಾರೆ. ಸೆರಗಿನಿಂದ ರಿಸೀವರ್ ಒರೆಸಿ, ಕಿವಿಗೆ ಹಿಡಿದು, ಲೈನಿಗೆ ಜೀವ ಇದೆಯೇ ನೋಡುತ್ತಾರೆ. ಮೀಟರಿಗೆ ಊದಿನಕಡ್ಡಿ ಬೆಳಗುವಷ್ಟರಲ್ಲಿ ಪುರ್ತಗೇರಿಯ ಲಕ್ಷ್ಮಪ್ಪ ಬೀಡಿ ಕಟ್ಟಿನ ಕಾಗದ ಚಾಚುತ್ತಾರೆ. ಅದರ ಮೇಲೆ ಉದ್ದನೆಯ ನಂಬರು.

“ಯಕ್ಕಾ, ಇದಕ್ಕೊಂದು ಫೋನ್ ಹಚ್ಚಿಕೊಡು.”

“ಯಾರದಿದು?”

“ಯಾರಿಗೊತ್ತು. ನಿನ್ನೆ ಸಂಜಿಮುಂದ ಮೊಬೈಲ್ ಒಮ್ಮೆ ಹೊಡಕೊಂಡು ನಿಂತಬಿಡ್ತು.”

“ಹೊರದೇಶದ್ದಿದು. ಅಲ್ಲಿ ನಿನ್ನ ಬೀಗರು ಯಾರದಾರ ಕಾಕಾ?”

“ಇದ್ದಿದ್ದಿಲ್ಲ. ಈಗೇನರ ಆಗ್ಯಾರೇನು ಅಂತ ಕೇಳಬೇಕಂತೀನಿ.”

“ಚಾ ಕುಡದು ಊರಿಗೆ ಹೋಗು. ಅವಗ ಖರೇ ಕೆಲಸಿದ್ರ ಮತ್ತ ಮಾಡ್ತಾನ. ಬಂದ್ರ ಎತ್ತು, ನೀ ಆಗಿ ಮಾಡಬ್ಯಾಡ.”

ಲಕ್ಷ್ಮಪ್ಪ ಕಾಗದ ಮಡಚಿ ರಸ್ತೆಯಾಚೆ ನೋಡುತ್ತಾರೆ. ಅಲ್ಲಿ ಪ್ರಭುಲಿಂಗಪ್ಪ ಅವರ ಗಾಜಿನ ಫೋನ್ ಕ್ಯಾಬಿನ್ನಿದೆ. ಕಳಕವ್ವ ಕೂಡ ಅತ್ತಲೇ ನೋಡುತ್ತಾರೆ. ಲಕ್ಷ್ಮಪ್ಪ ಕೊನೆಗೆ ಚಹದ ಅಂಗಡಿಯತ್ತ ತಿರುಗುತ್ತಾರೆ. “ಇವತ್ತೊಬ್ಬ ಉಳದ,” ಎನ್ನುತ್ತಾರೆ ಕಳಕವ್ವ. ಸಂತೋಷ ಲಕ್ಷ್ಮಪ್ಪನ ರೊಕ್ಕ ಉಳಿದದ್ದಕ್ಕೋ, ಅದು ಪ್ರಭುಲಿಂಗಪ್ಪನ ಪೆಟ್ಟಿಗೆಗೆ ಬೀಳದ್ದಕ್ಕೋ ಎಂದು ಕೇಳಿದರೆ ಮುಚ್ಚಿಡುವುದಿಲ್ಲ. “ಎರಡೂ ಅನ್ರಿ.”

ಮೋಸದ ದಾರಿ ಸರಳ. ಎಲ್ಲಿಂದಲೋ ಒಂದು ಮಿಸ್ಡ್ ಕಾಲ್ ಬರುತ್ತದೆ. ಯಾರಿರಬಹುದೆಂದು ತಿರುಗಿ ಮಾಡಿದರೆ ಯಾರೋ ಎತ್ತಿ, ತಡೆಯಿರಿ ಎನ್ನುತ್ತಾರೆ. ತಡೆದಷ್ಟೂ ಬಿಲ್ಲು ಏರುತ್ತದೆ, ಅದರಲ್ಲೊಂದು ಪಾಲು ಮಿಸ್ಡ್ ಕಾಲ್ ಕೊಟ್ಟವನಿಗೆ. ಈ ಎರಡು ವರ್ಷಗಳಲ್ಲಿ ಗಜೇಂದ್ರಗಡದ ಓಣಿ ಓಣಿಗೂ ಮೊಬೈಲು ಬಂದಿದೆ, ಆದರೆ ಹೊರದೇಶಕ್ಕೆ ಮಾತಾಡುವಷ್ಟು ಕರೆನ್ಸಿ ಯಾರ ಮೊಬೈಲಿನಲ್ಲೂ ಇರುವುದಿಲ್ಲ. ಹೀಗಾಗಿ ನಂಬರು ಬರೆದುಕೊಂಡು ಬೂತಿಗೇ ಬರುತ್ತಾರೆ.

ಕಳಕವ್ವ ಅಸೂಟಿಯ ಮಗಳು, ಒಂಬತ್ತನೆಯ ತರಗತಿಗೆ ಸಾಲಿ ಬಿಟ್ಟವರು. ಗಂಡ ಹಾಲಸಿದ್ದಪ್ಪ ಮಾರುಕಟ್ಟೆಯಲ್ಲಿ ಹಮಾಲಿ. ಬೂತು ಮೊದಲು ಮೈದುನನದು. ಮೊಬೈಲು ಬಂದ ಮೇಲೆ ಇದರಲ್ಲಿ ಇನ್ನೇನೂ ಇಲ್ಲವೆಂದು ಆತ ಬಿಟ್ಟಾಗ ಇವರು ಹಿಡಿದರು. ಸಿಡಿಲಿಗೆ ಎರಡು ಸಲ ಮೀಟರು ಸುಟ್ಟಿದೆ. ಬೇಸಿಗೆಯಲ್ಲಿ ಡಬ್ಬಿಯೊಳಗೆ ಹಂಚಿನ ಮೇಲೆ ಕೂತಂತಿರುತ್ತದೆ. ಹೇಗೋ ನಡೆಯುತ್ತಿತ್ತು. ಅಷ್ಟರಲ್ಲಿ ಎದುರಿಗೆ ಗಾಜಿನ ಕ್ಯಾಬಿನ್ನು ಎದ್ದಿತು. ಒಳಗೆ ಫ್ಯಾನು, ತಿರುಗುವ ಕುರ್ಚಿ, ಒಂದರ ಪಕ್ಕ ಒಂದು ಎರಡು ಲೈನು.

“ನನಗ ಹೊಟ್ಟಿಕಿಚ್ಚು ಐತ್ರಿ. ಸುಳ್ಳ ಯಾಕ ಹೇಳ್ಲಿ. ಆ ಫ್ಯಾನ್ ತಿರಗೂದು ಇಲ್ಲಿಂದ ಕಾಣಸ್ತೈತಿ. ನನ್ನ ಕಡೆ ಬರಬೇಕಾದವ್ರು ಅದರ ಬುಡಕ ಕುಂತು ಮಾತಾಡ್ತಿದ್ರ ಅನ್ನ ಗಂಟಲದಾಗ ಇಳಿಯೂದಿಲ್ಲ. ಅವ ಕೆಟ್ಟಾಂವ ಅಲ್ಲ. ಅದ ಇನ್ನೂ ತ್ರಾಸು. ಕೆಟ್ಟಾಂವಿದ್ರ ಬೈದು ಹಗರಾಗಬಹುದಿತ್ತು.”

ಕಿಚ್ಚು ಏನೆಂದು ಬಲ್ಲವರಾದ್ದರಿಂದಲೇ ಗಿರಾಕಿ ನಿಲೋಫರ ಅವರ ಮುಖ ನೋಡಿದ ಕೂಡಲೇ ಇದು ಅದೇ ಕಿಚ್ಚೆಂದು ಕಳಕವ್ವನಿಗೆ ತಿಳಿಯಿತು. ಕಳೆದ ವರ್ಷದ ಮಾತು. ನಿಲೋಫರ ಅವರ ಗಂಡ, ಅಕ್ರಮ್ ಎಂಬವರು, ದಮ್ಮಾಮಿನಲ್ಲಿ ಬಡಗಿ. ಪ್ರತಿ ಶುಕ್ರವಾರ ನಮಾಜಿನ ನಂತರ ನಿಲೋಫರ ಇದೇ ಡಬ್ಬಿಯಿಂದ ಅವರಿಗೆ ಫೋನು ಮಾಡುತ್ತಿದ್ದರು. ಒಂದು ಸೋಮವಾರ ಬೇರೆ ನಂಬರು ತಂದರು. ಮೊಬೈಲಿಗೆ ಮಿಸ್ಡ್ ಕಾಲ್ ಬಂದಿತ್ತು, ಗಂಡನ ಹೊಸ ನಂಬರಿರಬೇಕೆಂದರು. ಎತ್ತಿದ್ದು ಒಬ್ಬ ಹೆಣ್ಣುಮಗಳು. ನಕ್ಕು, “ರುಕೋ ಜರಾ”, ತುಸು ತಡೆ, ಎಂದಳಂತೆ. ಹಿಂದೆ ಒಬ್ಬ ಗಂಡಸು ಕೆಮ್ಮಿದ. ಆ ಕೆಮ್ಮು ಗಂಡನದೇ ಎಂದು ನಿಲೋಫರ ಅವರ ಕಿವಿ ತೀರ್ಮಾನ ಮಾಡಿಬಿಟ್ಟಿತು.

ಮಂಗಳವಾರ ಮತ್ತೆ ಬಂದರು. ಬುಧವಾರವೂ ಬಂದಾಗ ಕಳಕವ್ವ ರಿಸೀವರ್ ಮೇಲೆ ಕೈ ಇಟ್ಟರು. “ದಮ್ಮಾಮಿಗೆ ಹಚ್ಚಿದ್ರ ಮೀಟರಿನ ಅಂಕಿ ನಡೀತಾವ ತಂಗಿ. ಇದಕ್ಕ ಓಡತಾವ. ಇದು ಸೌದಿ ಅಲ್ಲ.”

“ಆಕೀನ್ನ ಕರಕೊಂಡು ಬ್ಯಾರೆ ದೇಶಕ್ಕ ಹೋಗಿರಬೋದಲ್ಲ?”

“ಗಂಡನ್ನ ಕೇಳಿದೇನು?”

“ನಿನ್ನೆ ರಾತ್ರಿ ಅವರೇ ಫೋನ್ ಮಾಡಿದ್ರು, ಕೇಳಿದೆ. ಇಲ್ಲ ಅಂದ್ರು. ಹೂಂ ಅಂತಾರೇನು ಯಾರರ? ನಿಮ್ಮ ಗಂಡ ರಾತ್ರಿ ಮನಿಗೆ ಬರ್ತಾನ ಅಕ್ಕಾ, ನಿಮಗೇನ್ ಗೊತ್ತು ನನ್ನ ಹೊಟ್ಟ್ಯಾಗಿನ ಉರಿ. ನೀವು ಕೊಡದಿದ್ರ ಬಿಡ್ರಿ.”

ಅಂದವರೇ ಸೀದಾ ರಸ್ತೆ ದಾಟಿದರು. ಗಾಜಿನೊಳಗೆ ಫ್ಯಾನಿನ ಕೆಳಗೆ ಕೂತು, ಎರಡೂ ಕೈಯಲ್ಲಿ ರಿಸೀವರ್ ಹಿಡಿದು, ಆ ನಗು ಕೇಳುತ್ತ ಕೂತದ್ದು ಇತ್ತಲಿಂದ ಕಾಣುತ್ತಿತ್ತು. ದಮ್ಮಾಮಿನಿಂದ ಬಂದ ರೊಕ್ಕ ದಮ್ಮಾಮಿನವನ ಮೇಲಿನ ಸಂಶಯಕ್ಕೆ ಸುರಿಯುತ್ತಿತ್ತು. ಶುಕ್ರವಾರ ಬಂತು, ಗಂಡನಿಗೆ ಫೋನು ಹೋಗಲಿಲ್ಲ. ಶನಿವಾರ ಕೂಸನ್ನು ಸೊಂಟಕ್ಕೆ ಹಾಕಿಕೊಂಡು, ಬಟ್ಟೆ ತುಂಬಿದ ಚೀಲದೊಂದಿಗೆ ಬಸ್ ನಿಲ್ದಾಣಕ್ಕೆ ಬಂದರು. ತವರು ನರಗುಂದ. ಇನ್ನು ತಿರುಗಿ ಬರುವುದಿಲ್ಲವೆಂದು ಅತ್ತೆಗೆ ಹೇಳಿ ಬಂದಿದ್ದರು. ಹೊರಡುವ ಮೊದಲು ಕಡೆಯ ಸಲ ಆ ಹೆಂಗಸಿಗೆ ನಾಲ್ಕು ಮಾತು ಅನ್ನಬೇಕೆಂದು ಗಾಜಿನ ಕ್ಯಾಬಿನ್ನಿಗೇ ಹೋದರು.

ಅದೇ ಹೊತ್ತಿಗೆ ಕಳಕವ್ವ ಗಿರಾಕಿಯೊಬ್ಬರಿಗೆ ಗದಗಕ್ಕೆ ಲೈನು ಹಚ್ಚುತ್ತಿದ್ದರು. ಈ ಮಾರ್ಗದ ಎಲ್ಲ ಲೈನುಗಳೂ ಕಾರ್ಯನಿರತವಾಗಿವೆ ಎಂದು ಟೆಲಿಫೋನಿನ ಆ ಪರಿಚಿತ ದನಿ ಹೇಳಿತು. “ಈಕಿ ಗದಗಕ್ಕ ಹಚ್ಚಿದ್ರೂ ಅದನ್ನ ಹೇಳ್ತಾಳ, ಹುಬ್ಬಳ್ಳಿಗೆ ಹಚ್ಚಿದ್ರೂ ಅದನ್ನ. ಸಾವಿರ ಮಂದಿ ಕಿವ್ಯಾಗ ಒಮ್ಮೆಲೆ ಹೇಳ್ತಾಳ. ಹಂಗಂದ್ರ ನಗಾಕಿನೂ ಇಂಥಾಕಿನ ಇರಬೇಕಲ್ಲ ಅನಿಸ್ತು.” ಪರೀಕ್ಷೆ ಮಾಡಲು ಒಂದೇ ಸಲಕ್ಕೆ ಎರಡು ಲೈನು ಬೇಕು. ಎರಡು ಲೈನಿದ್ದದ್ದು ಎದುರಿನವರ ಹತ್ತಿರ ಮಾತ್ರ. ಕ್ಯಾಬಿನ್ನು ಎದ್ದಂದಿನಿಂದ ಅದರ ಹೊಸ್ತಿಲು ತುಳಿಯದ ಕಳಕವ್ವ ಡಬ್ಬಿಯ ಹಲಗೆ ಇಳಿಸಿ ರಸ್ತೆ ದಾಟಿದರು.

“ಪ್ರಭಣ್ಣಾ, ಈಕಿಗೆ ಎರಡೂ ಫೋನಿನ್ಯಾಗ ಅದ ನಂಬರ ಹಚ್ಚು. ಒಂದು ಈಗ, ಒಂದು ಚೂರು ತಡದು.”

“ಹಚ್ಚೂನು. ಎರಡು ಬಿಲ್ ಆಕ್ಕಾವ. ಕೊಡಾವ್ರ್ಯಾರು?”

“ನಾ ಕೊಡ್ತೀನಿ. ನಿನ್ನ ಪೆಟಗಿಗಿ ನನ್ನ ರೊಕ್ಕಾನೂ ಒಂದು ಬೀಳಲಿ.”

ನಿಲೋಫರ ಎರಡು ಕಿವಿಗೆ ಎರಡು ರಿಸೀವರ್ ಹಿಡಿದರು. ಎಡಗಿವಿಯಲ್ಲಿ ಹೆಂಗಸು ಎತ್ತಿದಳು, ನಕ್ಕಳು, ರುಕೋ ಜರಾ ಎಂದಳು. ಅಲ್ಲಿ ಕೆಮ್ಮು ಕೇಳಿಸುವ ಹೊತ್ತಿಗೆ ಬಲಗಿವಿಯಲ್ಲೂ ಅವಳೇ ಎತ್ತಿದಳು, ಅಷ್ಟೇ ನಕ್ಕಳು, ಅದನ್ನೇ ಅಂದಳು. ಆಮೇಲೆ ಅದೇ ಗಂಡಸು ಅಷ್ಟೇ ಕೆಮ್ಮಿದ.

“ಒಬ್ಬಾಕಿ ಎರಡು ಫೋನಿನ್ಯಾಗ ಹ್ಯಾಂಗ ನಗತಾಳ ತಂಗಿ?” ಎಂದು ಕಳಕವ್ವ ಕೇಳಿದರು.

ನಿಲೋಫರ ಎರಡೂ ರಿಸೀವರ್ ಇಟ್ಟು, “ಇದು ಟೇಪ್ ಐತಲ್ಲ ಅಕ್ಕಾ,” ಎಂದರು. “ನಾ ಟೇಪಿನ ಮ್ಯಾಲೆ ಸವತಿ ಮತ್ಸರ ಮಾಡಿದ್ನಿ.” ನಗುತ್ತಲೇ ಅಂದರು, ಕಣ್ಣು ಮಾತ್ರ ತುಂಬಿತ್ತು. ನರಗುಂದದ ಬಸ್ಸು ಹೋಗಿತ್ತು. ಹೋಗಲಿ ಬಿಡ್ರಿ ಎಂದರು ನಿಲೋಫರ.

“ಸುಮ್ಮ ಯಾರಂತ ನೋಡಾಕ ಬಂದವ್ರನ್ನ ತಿರುಗಿಸಬಹುದ್ರಿ, ಬೈದ್ರ ತಿಳೀತಾರ,” ಎಂಬುದು ಕಳಕವ್ವನ ಅನುಭವ. “ಸಂಶೇ ಹೊಕ್ಕವ್ರಿಗೆ ಬಾಯಿಮಾತು ನಾಟೂದಿಲ್ಲ. ಅವರ ಕಿವಿಗೇ ಕೇಳಸಬೇಕು.” ಅಂದಿನಿಂದ ಅವರ ರಿವಾಜು ಒಂದೇ. ನಂಬರು ಯಾರದೆಂದು ಹೇಳಲಾಗದವರಿಗೆ ಹೊರದೇಶದ ಲೈನಿಲ್ಲ.

ಕತೆ ಊರಲ್ಲಿ ಹರಡಿತು, ಹೆಸರು ಮಾತ್ರ ಬದಲಾಯಿತು. ಎರಡು ಲೈನು ಪ್ರಭುಲಿಂಗಪ್ಪ ಅವರದಾದ್ದರಿಂದ ಬುದ್ಧಿಯೂ ಅವರದೇ ಎಂದಾಯಿತು. ಪ್ರಭುಲಿಂಗಪ್ಪ ಗಾಜಿಗೆ, ಗೊತ್ತಿಲ್ಲದ ಮಿಸ್ಡ್ ಕಾಲಿಗೆ ತಿರುಗಿ ಫೋನು ಮಾಡಬೇಡಿ ಎಂದು ಚೀಟಿ ಅಂಟಿಸಿದರು. ಬಜಾರಿನ ಮಂದಿ ಅವರನ್ನು ಕರೆದು ಶಾಲು ಹೊದಿಸಿದರು. ಹೊದಿಸಿಕೊಳ್ಳುವಾಗ ಅವರು, ಇದರಲ್ಲಿ ಕಳಕವ್ವನದೂ ಸ್ವಲ್ಪ ಇದೆ ಎಂದರಂತೆ.

“ಸ್ವಲ್ಪ ಅಂತ,” ಎನ್ನುತ್ತಾರೆ ಕಳಕವ್ವ. “ಶಾಲು ನನಗ ಬ್ಯಾಡ. ಬ್ಯಾಡ ಅಂದ್ರ ಸುಳ್ಳಾಕ್ಕೈತಿ, ಬೇಕಿತ್ತು. ಏನ್ ಮಾಡೂದು, ನಾ ಇರೂದು ಡಬ್ಬ್ಯಾಗ, ಅವ ಇರೂದು ಗಾಜಿನ್ಯಾಗ. ಮಂದಿಗೆ ಅಂವ ಕಾಣ್ತಾನ.”

ಈಗ ಅವರಿಗಿರುವ ಬಯಕೆ ಒಂದು ಟೇಬಲ್ ಫ್ಯಾನು. ಎದುರಿನದಕ್ಕಿಂತ ತುಸು ದೊಡ್ಡದಿದ್ದರೆ ಇನ್ನೂ ಚಲೋ.

ಆ ಶನಿವಾರ ಹೋದದ್ದು ಕಳಕವ್ವನ ನೂರಾ ಇಪ್ಪತ್ತು ರೂಪಾಯಿ, ಬಿದ್ದದ್ದು ಎದುರಿನವರ ಪೆಟ್ಟಿಗೆಗೆ. ತಾವು ತಿರುಗಿಸಿ ಕಳಿಸಿದ ಗಿರಾಕಿಗಳಲ್ಲಿ ಕೆಲವರು ಮುನಿಸಿಕೊಂಡು ಇನ್ನೂ ಬಂದಿಲ್ಲ. ಉಳಿದದ್ದು ಒಂದು ಸಂಸಾರ. ನಿಲೋಫರ ಗಜೇಂದ್ರಗಡದ ಮನೆಯಲ್ಲೇ ಇದ್ದಾರೆ. ಶುಕ್ರವಾರ ನಮಾಜು ಮುಗಿದ ಮೇಲೆ ಫ್ಯಾನಿನ ಕ್ಯಾಬಿನ್ನು ದಾಟಿ ಬಂದು, ಬಿಸಿ ಡಬ್ಬಿಯ ಮುಂದೆ ಬೆವರುತ್ತ ನಿಂತು, ದಮ್ಮಾಮಿಗೆ ಫೋನು ಹಚ್ಚಿಸುತ್ತಾರೆ. ಆಗ ಕಳಕವ್ವ ಒಮ್ಮೆ ರಸ್ತೆಯಾಚೆ ನೋಡುತ್ತಾರೆ, ಪ್ರಭುಲಿಂಗಪ್ಪ ಇತ್ತ ನೋಡುತ್ತಿದ್ದಾರೆಯೇ ಎಂದು. ನೋಡುತ್ತಿರುತ್ತಾರೆ.