ದೊಡ್ಡಬಳ್ಳಾಪುರಕ್ಕೆ ಬಂದ ಒಂದು ಕಾರ್ಡು

ಕಿಟಕಿಯ ಕಟ್ಟೆಯ ಮೇಲಿಟ್ಟ ಹಿತ್ತಾಳೆ ಲೋಟದ ನೀರಿನಲ್ಲಿ ಉಂಗುರಗಳು ಏಳುತ್ತಿದ್ದವು. ಗಾಳಿ ಇರಲಿಲ್ಲ. ಲೋಟವನ್ನು ಯಾರೂ ಮುಟ್ಟಿರಲಿಲ್ಲ. ಅಂಚಿನಿಂದ ಒಂದು ಉಂಗುರ ಹೊರಟು ನಡುವಿಗೆ ಬಂದು ಕರಗುವಷ್ಟರಲ್ಲಿ ಇನ್ನೊಂದು ಹೊರಡುತ್ತಿತ್ತು. ನಾನು ಹಾಸಿಗೆಯ ಮೇಲೆ ಕುಳಿತು ಅದನ್ನೇ ನೋಡುತ್ತಿದ್ದೆ. ಭೂಮಿ ನಡುಗುತ್ತಿದ್ದರೆ ಈ ಮನೆಯವರು ಇಷ್ಟು ನೆಮ್ಮದಿಯಾಗಿ ಅಂಗಳ ಗುಡಿಸುತ್ತಿರಲಿಲ್ಲ ಎಂದು ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು.

ಗೋಡೆಯಾಚೆ ನಾಲ್ಕು ಪವರ್‌ಲೂಮುಗಳು ಓಡುತ್ತಿದ್ದವು. ದೊಡ್ಡಬಳ್ಳಾಪುರದಲ್ಲಿ ಅದು ನನ್ನ ಮೊದಲ ಬೆಳಿಗ್ಗೆ. ಸದ್ದು ಆಗಲೇ ಕಿವಿ ತುಂಬಿತ್ತು. ರೈಲಿನ ಆಯಾಸಕ್ಕೆ ನನ್ನ ತಲೆಯೇ ಹಾಗೆ ಬಡಿಯುತ್ತಿದೆ ಎಂದುಕೊಂಡಿದ್ದೆ.

ಬಿಜಾಪುರದ ಗೆಳತಿಯರು ಪದೇ ಪದೇ ಕೇಳುತ್ತಾರೆ, ಬೆಂಗಳೂರಿನಲ್ಲಿ ಓದುವವಳು ಬೆಂಗಳೂರಿನಲ್ಲೇಕೆ ಇಲ್ಲ ಎಂದು. ಎಂ.ಎಸ್ಸಿ. ಸಂಖ್ಯಾಶಾಸ್ತ್ರಕ್ಕೆ ಸೀಟು ಸಿಕ್ಕಿತು, ಹೆಂಗಸರ ಹಾಸ್ಟೆಲಿನಲ್ಲಿ ಜಾಗ ಸಿಗಲಿಲ್ಲ. ಕಾಯುವವರ ಪಟ್ಟಿಯಲ್ಲಿ ನನ್ನ ಹೆಸರು ಹನ್ನೊಂದನೆಯದು. ಅಪ್ಪನ ಪರಿಚಯದವರೊಬ್ಬರು ನೇಕಾರರಾದ ಆಂಜಿನಪ್ಪನವರ ಮನೆಯ ಮುಂಭಾಗದ ಕೋಣೆಯನ್ನು ಗೊತ್ತುಮಾಡಿದರು. ಅಲ್ಲಿಂದ ದಿನವೂ ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಹೋಗಿ, ಸಂಜೆಯ ರೈಲಿನಲ್ಲಿ ವಾಪಸು ಬರಬೇಕು.

ನಮ್ಮ ಕಡೆ ನೆಲ ಕಪ್ಪು. ಮಳೆ ಬಂದರೆ ಕಾಲಿಗೆ ಅಂಟಿಕೊಂಡು ಬರುತ್ತದೆ. ಇಲ್ಲಿಯದು ಕೆಂಪು, ಮಳೆಯಿಲ್ಲದೆಯೂ ಅಂಟುತ್ತದೆ. ನನ್ನ ಎರಡು ಬಿಳಿ ಸೀರೆಗಳ ಅಂಚು ಮೊದಲ ತಿಂಗಳಲ್ಲೇ ಇಟ್ಟಿಗೆಯ ಬಣ್ಣಕ್ಕೆ ತಿರುಗಿತು. ನಮ್ಮಲ್ಲಿ ಊಟವೆಂದರೆ ಅಗಿಯುವುದು. ಇಲ್ಲಿ ರಾಗಿ ಮುದ್ದೆಯನ್ನು ಮುರಿದು, ಬಸ್ಸಾರಿನಲ್ಲಿ, ಅಂದರೆ ಕಾಳು ಸೊಪ್ಪು ಬೇಯಿಸಿ ಬಸಿದ ನೀರಿನ ಸಾರಿನಲ್ಲಿ, ಅದ್ದಿ ನುಂಗಬೇಕು. ನಾನು ಅಗಿಯುತ್ತಿದ್ದುದನ್ನು ಆಂಜಿನಪ್ಪನವರ ತಾಯಿ ಒಂದು ವಾರ ಸುಮ್ಮನೆ ನೋಡಿದರು. ಮನೆಯವರಿಗೆಲ್ಲ ಅವರು ಅಜ್ಜಿ, ಈಗ ನನಗೂ. ಎಂಟನೆಯ ದಿನ ಹೇಳಿದರು:

"ತಾಯಿ, ಮುದ್ದೆ ಏನು ತಪ್ಪು ಮಾಡೈತೆ ಅಂತ ಹಂಗೆ ಅರೀತೀಯ?"

ನಾನು ನುಂಗಲು ಕಲಿತೆ. ಅದಕ್ಕೆ ಬದಲಾಗಿ ಅಮ್ಮ ಕಳಿಸಿದ ಖಡಕ್ ರೊಟ್ಟಿಯನ್ನು ಅಜ್ಜಿಗೆ ಕೊಟ್ಟೆ. ಹಲ್ಲಿಲ್ಲದ ಅವರು ಅದನ್ನು ಸಾರಿನಲ್ಲಿ ನೆನೆಹಾಕಿ, ಬಹಳ ಹೊತ್ತು ಕಾದು ತಿಂದು, "ನಿಮ್ಮೂರೋರಿಗೆ ತಾಳ್ಮೆ ಜಾಸ್ತಿ" ಎಂದರು.

ಬೆಳಗಿನ ರೈಲು ನನಗೆ ಇಂದಿಗೂ ಪೂರ್ತಿ ನಿಜವೆನಿಸುವುದಿಲ್ಲ. ನಿಲ್ದಾಣದ ದೀಪಗಳು ಮಂಜಿನಲ್ಲಿ ಕಂಬಗಳಿಲ್ಲದೆ ನಿಂತಿರುತ್ತವೆ. ಹೆಂಗಸರ ಡಬ್ಬಿಯಲ್ಲಿ ಹೂವಿನ ಬುಟ್ಟಿಗಳು, ಸೊಪ್ಪಿನ ಕಂತೆಗಳು, ಅವುಗಳ ನಡುವೆ ಕುಳಿತೇ ನಿದ್ದೆ ಹೋದ ಹೆಂಗಸರು. ರಾಜಾನುಕುಂಟೆ ದಾಟಿದ ಮೇಲೆ ಯಾರದೋ ಕನಕಾಂಬರದ ಬುಟ್ಟಿಯ ಮೇಲೆ ಬಿಸಿಲಿನ ಒಂದು ಪಟ್ಟಿ ಬೀಳುತ್ತದೆ. ಆ ಹೊತ್ತಿನಲ್ಲಿ ನಾನು ಯಾವ ಊರಿಗೂ ಸೇರಿದವಳಲ್ಲ ಎನಿಸುತ್ತದೆ. ಅದರಿಂದ ದುಃಖವೇನೂ ಆಗುವುದಿಲ್ಲ.

ಆ ರೈಲಿನಲ್ಲಿ ನನ್ನ ಪಕ್ಕ ಕೂರುವವಳು ಗೌರಿ, ಆಂಜಿನಪ್ಪನವರ ಮಗಳು. ಹದಿನೇಳು ವರ್ಷ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತದಲ್ಲಿ ಒಳ್ಳೆಯ ಅಂಕ ತೆಗೆದು, ಮನೆಯಲ್ಲಿ ಕಂಡಿಕೆ ಸುತ್ತುತ್ತಿದ್ದಳು. ಮಗ್ಗದಲ್ಲಿ ಅತ್ತಿಂದಿತ್ತ ಓಡುವ ಲಾಳಿಯೊಳಗೆ ನೂಲು ಸುತ್ತಿದ ಒಂದು ಸಣ್ಣ ಕಡ್ಡಿ ಇರುತ್ತದೆ, ಅದೇ ಕಂಡಿಕೆ. ಮನೆಯ ಹೆಣ್ಣುಮಕ್ಕಳೆಲ್ಲ ಅದನ್ನು ಸುತ್ತುತ್ತಾರೆ. ಬೆಂಗಳೂರಿನ ಹುಡುಗಿಯರ ಕಾಲೇಜಿನಲ್ಲಿ ವಿಜ್ಞಾನ ಓದಬೇಕೆಂಬುದು ಅವಳ ಆಸೆ. ಒಬ್ಬಳನ್ನೇ ರೈಲಿಗೆ ಕಳಿಸುವುದಿಲ್ಲ ಎಂಬುದು ಅಪ್ಪನ ಹಟ. ನಾನು ಬಂದ ಎರಡನೆಯ ವಾರ ಆಂಜಿನಪ್ಪನವರು ನನ್ನ ಕೋಣೆಯ ಹೊಸ್ತಿಲಾಚೆ ನಿಂತು ಹೇಳಿದರು:

"ನೋಡಮ್ಮ, ನೀನು ದಿನಾ ಹೋಗ್ಬರ್ತೀಯ. ನಿನ್ ಜೊತೆ ಅಂದ್ರೆ ಕಳಿಸ್ತೀನಿ. ನೀನು ಇರೋವರ್ಗೂ ಅವಳು ಓದ್ಲಿ."

ನಾನು ಆಗಲಿ ಎಂದೆ. ಹಾಸ್ಟೆಲಿನ ಪಟ್ಟಿಯಲ್ಲಿ ನನ್ನ ಹೆಸರಿರುವುದನ್ನು ಹೇಳಲಿಲ್ಲ. ಕೇಳದಿದ್ದುದನ್ನು ಹೇಳುವ ಅಭ್ಯಾಸ ನನಗಿಲ್ಲ. ಹನ್ನೊಂದನೆಯ ಹೆಸರು ಎಂದೂ ಮೇಲೇರುವುದಿಲ್ಲ ಎಂದುಕೊಂಡಿದ್ದೆ.

ಈ ವರ್ಷ ಕರೆಂಟಿನ ಅಭಾವ. ಸಂಜೆ ಐದರಿಂದ ಎಂಟರವರೆಗೆ ಮಗ್ಗಗಳು ನಿಲ್ಲುತ್ತವೆ. ನಾವು ರೈಲಿಳಿದು ಬರುವ ಹೊತ್ತಿಗೆ ಇಡೀ ಬೀದಿ ಉಸಿರು ಹಿಡಿದಂತಿರುತ್ತದೆ. ಆಗ ಗುಬ್ಬಿಗಳು ಕೇಳಿಸುತ್ತವೆ, ಬಾವಿಯ ರಾಟೆ ಕೇಳಿಸುತ್ತದೆ, ಎದುರು ಮನೆಯ ಮುದುಕರು ತಮ್ಮಷ್ಟಕ್ಕೆ ಮಾತನಾಡಿಕೊಳ್ಳುವುದೂ ಕೇಳಿಸುತ್ತದೆ. ಮಾಳಿಗೆ ಹತ್ತಿದರೆ ನಂದಿ ಬೆಟ್ಟ, ಯಾರೋ ನೀರಿನಲ್ಲಿ ಅದ್ದಿ ಮರೆತ ಬಟ್ಟೆಯ ಹಾಗೆ, ಬಣ್ಣ ಬಿಡುತ್ತ ಇರುತ್ತದೆ.

ಆ ಮೂರು ಗಂಟೆಗಳಲ್ಲಿ ನಾನು ಜಗಲಿಯ ಮೇಲೆ ಪೇಪರ್ ಓದಬೇಕು. ಬೆಂಗಳೂರಿನಿಂದ ತಂದದ್ದನ್ನು ಮೊದಲ ದಿನ ನನ್ನಷ್ಟಕ್ಕೆ ಓದುತ್ತಿದ್ದೆ. ಅಜ್ಜಿ, "ಒಬ್ಬಳೇ ತಿಂತಿದೀಯಲ್ಲ" ಎಂದರು. ನಮ್ಮ ಮನೆಯಲ್ಲಿ ಪತ್ರಿಕೆ ಎಂದರೆ ಅಪ್ಪನ ಮುಖದ ಮುಂದಿನ ಒಂದು ಗೋಡೆ. ಇಲ್ಲಿ ಪ್ರತಿ ಸಾಲಿಗೂ ಯಾರಾದರೂ ಉತ್ತರ ಕೊಡುತ್ತಾರೆ. ಅರಬ್ ದೇಶಗಳ ಯುದ್ಧದ ಸುದ್ದಿ ಓದಿದಾಗ ಆಂಜಿನಪ್ಪನವರ ಹೆಂಡತಿ ಜಯಮ್ಮನವರು, "ಅದಕ್ಕೇ ಸೀಮೆಎಣ್ಣೆಗೆ ಇಷ್ಟುದ್ದ ಕ್ಯೂ" ಎಂದರು. ನಾನು ತರಗತಿಯಲ್ಲಿ ಕೇಳಿದ ಅರ್ಧ ಗಂಟೆಯ ವಿವರಣೆಗಿಂತ ಅದು ಬೇಗ ಅರ್ಥವಾಯಿತು.

ನವೆಂಬರ್ ಒಂದರಂದು ರಾಜ್ಯದ ಹೆಸರು ಕರ್ನಾಟಕ ಎಂದಾಯಿತು. ದೀಪಾವಳಿಗೆ ಊರಿಗೆ ಹೋಗಿದ್ದ ನಾನು ಆಗಷ್ಟೇ ಮರಳಿದ್ದೆ. ಅಂದು ಸಂಜೆ ಸುದ್ದಿಯನ್ನು ಪೂರ್ತಿ ಓದಿದೆ. ಮಗ್ಗದ ಕೆಲಸಕ್ಕೆ ಬರುವ ನಾಗಣ್ಣ ಬೀಡಿ ಕೆಳಗಿಳಿಸಿ, "ರಾಜ್ಯದ ಹೆಸ್ರು ಬದ್ಲಾಯಿಸೋ ಬದ್ಲು ಕರೆಂಟಿಂದು ಬದ್ಲಾಯಿಸಿ ನೋಡ್ಬೋದಿತ್ತು ಗುರು" ಎಂದ.

ಅಜ್ಜಿ ನನ್ನತ್ತ ತಿರುಗಿದರು. "ಅಂದ್ರೆ ಇನ್ಮೇಲೆ ನಿಮ್ಮೂರೂ ನಮ್ದೇನಾ?"

"ಈಗಾಗಲೇ ಒಂದೇ ರಾಜ್ಯ ಅಜ್ಜಿ. ಹದಿನೇಳು ವರ್ಷವಾಯಿತು."

"ಹೌದಾ? ಯಾರೂ ಹೇಳ್ಲೇ ಇಲ್ವಲ್ಲ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಊರಿನಲ್ಲಿ ಹಿಂದಿನ ವಾರ ಅಮ್ಮ, "ನೀ ಮಾತಾಡೂದು ಬ್ಯಾರೆ ಆಗೇತಿ" ಎಂದು ಸೊಪ್ಪು ಸೋಸುತ್ತ ಹೇಳಿದ್ದಳು. ಇಲ್ಲಿ ನಾನಿನ್ನೂ ಬಿಜಾಪುರದ ಹುಡುಗಿ. ಒಂದೇ ಹೆಸರಿನ ಕೆಳಗೆ ಬಂದ ಎರಡು ಊರುಗಳ ನಡುವೆ ನಾನು ರೈಲಿನಲ್ಲಿ ಕೂತಂತೆಯೇ ಇದ್ದೇನೆ.

ಕಾರ್ಡು ಬಂದದ್ದು ಅದರ ಮುಂದಿನ ಸೋಮವಾರ.

ಇಲ್ಲಿಯ ಒಂದು ಪದ್ಧತಿಯನ್ನು ಹೇಳಬೇಕು. ನಮ್ಮ ಮನೆಯಲ್ಲಿ ಕಾರ್ಡಾಗಲಿ ಕವರಾಗಲಿ, ಹೆಸರಿದ್ದವರೇ ಓದಬೇಕು. ಅಲ್ಲಿಯವರೆಗೆ ಅದು ಗೂಡಿನಲ್ಲಿ ಬೋರಲಾಗಿ ಬಿದ್ದಿರುತ್ತದೆ. ಇಲ್ಲಿ ಕವರನ್ನು ಯಾರೂ ಮುಟ್ಟುವುದಿಲ್ಲ. ಆದರೆ ಕಾರ್ಡು ಮನೆಗೆ ಬಂದದ್ದು. ಸಾವಿನ ಸುದ್ದಿಯೋ ಹೆರಿಗೆಯ ಸುದ್ದಿಯೋ ಕಾಯಬಾರದು. ಮನೆಯಲ್ಲಿದ್ದವರಲ್ಲಿ ಓದು ಬಲ್ಲವರು ನಿಂತಲ್ಲೇ ಜೋರಾಗಿ ಓದಿಬಿಡಬೇಕು. ಮೊದಲು ನನಗೆ ಸಂಕಟವಾಗುತ್ತಿತ್ತು. ಅಮ್ಮನಿಗೆ ಇನ್ನು ಕವರಿನಲ್ಲೇ ಬರೆ ಎಂದು ಹೇಳಿದ್ದೆ.

ಆ ಸೋಮವಾರ ಗೌರಿ ಜ್ವರವೆಂದು ಕಾಲೇಜಿಗೆ ಬಂದಿರಲಿಲ್ಲ. ನಾನು ಸಂಜೆ ಮನೆಗೆ ಬಂದಾಗ ಅಜ್ಜಿ ಜಗಲಿಯಿಂದಲೇ ಹೇಳಿದರು:

"ಲೈಬ್ರರಿಯಿಂದ ಕಾರ್ಡು ಬಂದೈತೆ ತಾಯಿ. ಪುಸ್ತಕ ವಾಪಸ್ ಕೊಡ್ಬೇಕಂತೆ. ಶನಿವಾರ ಮಧ್ಯಾಹ್ನದೊಳಗೆ. ಗೌರಿ ಓದಿದ್ಲು."

ಗೌರಿ ಕಾರ್ಡನ್ನು ತಂದು ಕೊಟ್ಟಳು. ನನ್ನ ಮುಖ ನೋಡಲಿಲ್ಲ. ಇಂಗ್ಲಿಷಿನಲ್ಲಿ ಮೂರು ಸಾಲು ಟೈಪಾಗಿತ್ತು. ಹಾಸ್ಟೆಲಿನಲ್ಲಿ ಒಂದು ಕೋಣೆ ಖಾಲಿಯಾಗಿದೆ. ಶನಿವಾರ ಮಧ್ಯಾಹ್ನದೊಳಗೆ ಖುದ್ದಾಗಿ ಬಂದು ಒಪ್ಪಿಗೆಯ ಸಹಿ ಹಾಕಬೇಕು. ಇಲ್ಲವಾದರೆ ಮುಂದಿನ ಹೆಸರಿಗೆ ಕೊಡಲಾಗುವುದು.

ಅವಳಿಗೆ ಇಂಗ್ಲಿಷ್ ತಿಳಿಯಲಿಲ್ಲವೇನೋ ಎಂದು ಒಂದು ಕ್ಷಣ ಅಂದುಕೊಂಡೆ. ಆದರೆ ನಾಲ್ಕು ತಿಂಗಳಿನಿಂದ ರೈಲಿನಲ್ಲಿ ಅವಳಿಗೆ ಇಂಗ್ಲಿಷ್ ಪಾಠ ಓದಿಸುತ್ತಿದ್ದವಳು ನಾನೇ. ಹಾಸ್ಟೆಲ್ ಎಂಬುದನ್ನು ಲೈಬ್ರರಿ ಎಂದು ಓದುವಷ್ಟು ದಡ್ಡಿಯಲ್ಲ ಅವಳು. ಮನೆಯವರ ಮುಂದೆ ನಿಂತು, ಕಾರ್ಡು ನೋಡುತ್ತಲೇ, ಇಲ್ಲದ ಪುಸ್ತಕವೊಂದನ್ನು ಹುಟ್ಟಿಸಿದ್ದಳು. ಶನಿವಾರವನ್ನು ಮಾತ್ರ ಬದಲಾಯಿಸಿರಲಿಲ್ಲ.

ಆ ಕೋಣೆ ನನಗೆ ಎಷ್ಟು ಬೇಕಾಗಿತ್ತು ಎಂಬುದನ್ನು ಇಲ್ಲಿ ಮುಚ್ಚಿಡುವುದಿಲ್ಲ. ನಮ್ಮ ವಿಭಾಗದಲ್ಲಿ ಕೈಯಿಂದ ತಿರುಗಿಸುವ ಲೆಕ್ಕದ ಯಂತ್ರಗಳಿರುವುದು ಎರಡೇ. ಮೊದಲ ವರ್ಷದವರಿಗೆ ಅವು ಸಿಗುವುದು ಸಂಜೆ ನಾಲ್ಕರ ನಂತರ. ನಾಲ್ಕಕ್ಕೆ ನಾನು ರೈಲಿಗೆ ಓಡಬೇಕು. ಸಹಪಾಠಿಗಳು ಒಂದು ಗಂಟೆಯಲ್ಲಿ ಮುಗಿಸುವುದನ್ನು ನಾನು ಲಾಂದ್ರದ ಬೆಳಕಿನಲ್ಲಿ ಮೂರು ಸಂಜೆ ಕೂಡಿ ಕಳೆದು ಮುಗಿಸುತ್ತೇನೆ, ತಪ್ಪುಗಳೊಡನೆ. ಮೊದಲ ಪರೀಕ್ಷೆಯಲ್ಲಿ ಹಿಂದೆ ಬಿದ್ದಿದ್ದೆ. ಅದನ್ನು ಊರಿಗೆ ಬರೆದಿರಲಿಲ್ಲ. ಮತ್ತೆ, ಬಾಗಿಲು ಹಾಕಿಕೊಂಡು ಯಾರಿಗೂ ಉತ್ತರ ಕೊಡದೆ ಒಂದು ಗಂಟೆ ಕುಳಿತಿರಬೇಕೆಂಬ ಆಸೆ. ಅದು ಮುದ್ದೆ ನುಂಗುವಾಗಲೂ ನನ್ನ ಜೊತೆ ಇತ್ತು.

ಮಂಗಳವಾರ ರೈಲಿನಲ್ಲಿ ನಾವಿಬ್ಬರೂ ಆ ಮಾತನ್ನು ಎತ್ತಲಿಲ್ಲ. ಬುಧವಾರವೂ ಇಲ್ಲ. ಅವಳು ಎಂದಿಗಿಂತ ಹೆಚ್ಚು ಲೆಕ್ಕಗಳನ್ನು ಕೇಳಿದಳು. ಅಜ್ಜಿ ಮಾತ್ರ ಪ್ರತಿ ಸಂಜೆ ವಿಚಾರಿಸುತ್ತಿದ್ದರು.

"ಕೊಟ್ಯಾ ಪುಸ್ತಕಾನ?"

"ಇನ್ನೂ ಇಲ್ಲ ಅಜ್ಜಿ."

"ಹಂಗೆಲ್ಲ ಇಟ್ಕೋಬಾರ್ದು. ಆಂಜಿನಪ್ಪ, ಕೊಡದಿದ್ರೆ ಏನ್ ಮಾಡ್ತಾರೋ?"

"ಮನೆಗೆ ಬರ್ತಾರೆ," ಎಂದ ನಾಗಣ್ಣ, ಆಂಜಿನಪ್ಪನವರಿಗಿಂತ ಮೊದಲು. "ಮಗ್ಗ ಜಪ್ತಿ ಮಾಡ್ತಾರೆ."

ಗುರುವಾರ ಅಜ್ಜಿ ನಿಜಕ್ಕೂ ಹೆದರಿದ್ದರು. ಹೆದರಿದರೆ ಅವರ ಮಾತು ತೆಲುಗಿಗೆ ಹೊರಳುತ್ತದೆ. ಗೌರಿ ಒಳಗೆ ಕಂಡಿಕೆ ಸುತ್ತುತ್ತಿದ್ದಳು. ರಾಟೆ ನಿಂತು, ಮತ್ತೆ ತಿರುಗಿತು.

ಶುಕ್ರವಾರ ಸಂಜೆ ನಿಲ್ದಾಣದಿಂದ ನಡೆದು ಬರುವಾಗ, ಮನೆಯ ಬೀದಿಗೆ ತಿರುಗುವ ಮೊದಲು, ಗೌರಿ ನಿಂತಳು.

"ಅಕ್ಕ, ನಾನು ಸುಳ್ಳು ಹೇಳ್ದೆ."

"ಗೊತ್ತು."

"ನಿಮ್ಗೆ ಗೊತ್ತು ಅಂತ ನಂಗೂ ಗೊತ್ತು. ನಿಜ ಓದಿದ್ರೆ ಅಪ್ಪ ಮಂಗಳವಾರದಿಂದ್ಲೇ ಬೇಡ ಅಂತಿದ್ರು. ನಾಲ್ಕು ದಿನಾನಾದ್ರೂ ಜಾಸ್ತಿ ಹೋಗ್ಬರೋಣ ಅಂತ." ಪುಸ್ತಕಗಳನ್ನು ಒಂದು ತೋಳಿನಿಂದ ಇನ್ನೊಂದಕ್ಕೆ ಬದಲಾಯಿಸಿದಳು. "ನೀವು ಹೋಗಿ ಅಕ್ಕ. ನಾನೇನು ಅಳಲ್ಲ. ಆದ್ರೆ ಹೋಗೋದಾದ್ರೆ ನೀವೇ ಅಪ್ಪಂಗೆ ಹೇಳಿ. ನಾನ್ ಇನ್ನೊಂದು ಸಲ ಓದಲ್ಲ ಆ ಕಾರ್ಡನ್ನ."

ಒಳ್ಳೆಯ ಮಾತು ಸಮಯಕ್ಕೆ ನನಗೆ ಎಂದೂ ಬರುವುದಿಲ್ಲ. "ನಡಿ, ಅಜ್ಜಿ ಕಾಯ್ತಿರ್ತಾರೆ" ಎಂದೆ. ಅವಳು ಅದನ್ನು ಹೇಗೆ ತೆಗೆದುಕೊಂಡಳೋ ತಿಳಿಯದು. ಮನೆಯವರೆಗೆ ನನಗಿಂತ ಎರಡು ಹೆಜ್ಜೆ ಮುಂದೆಯೇ ನಡೆದಳು. ಆ ಸಂಜೆ ಪತ್ರಿಕೆಯನ್ನು ಓದುತ್ತಿರುವವಳು ನಾನಲ್ಲ, ನನ್ನ ಧ್ವನಿಯಷ್ಟೇ ಜಗಲಿಯ ಮೇಲೆ ಕುಳಿತಿದೆ ಎನಿಸಿತು. ಊಟದ ಹೊತ್ತಿಗೆ ಆಂಜಿನಪ್ಪನವರು, "ನಾಳೆ ಮರೀಬೇಡಮ್ಮ" ಎಂದರು. ಮರೆಯುವುದಿಲ್ಲ ಎಂದೆ.

ಬಿಜಾಪುರದ ನನ್ನ ಹಳೆಯ ಕಾಲೇಜಿನ ವಾರ್ಷಿಕ ಸಂಚಿಕೆಗೆ ಇದನ್ನೆಲ್ಲ ಬರೆಯಬಹುದೇ ಎಂದು ಗೌರಿಯನ್ನು ಕೇಳಿದ್ದೇನೆ. ಬಿಜಾಪುರದವರು ಓದಿದರೆ ಅಡ್ಡಿಯಿಲ್ಲವಂತೆ. ಆ ಸಂಚಿಕೆ ದೊಡ್ಡಬಳ್ಳಾಪುರಕ್ಕೆ ಬಂದರೆ ಮಾತ್ರ ಕವರಿನಲ್ಲಿ ಬರಬೇಕಂತೆ.

ಶನಿವಾರ ಬೆಳಿಗ್ಗೆ ನಾವು ಎಂದಿನ ರೈಲಿಗೇ ಹೋದೆವು. ಬೆಂಗಳೂರಿನಲ್ಲಿ ಇಳಿದು, ಗೌರಿಯನ್ನು ಅವಳ ಕಾಲೇಜಿನ ಗೇಟಿನವರೆಗೆ ಬಿಟ್ಟು, ಹಾಸ್ಟೆಲಿಗೆ ನಡೆದೆ. ಕಚೇರಿಯ ಹೆಂಗಸು ರಿಜಿಸ್ಟರ್ ತೆರೆದರು. ಮೊದಲು ಕೋಣೆ ನೋಡಬಹುದೇ ಎಂದು ಕೇಳಿದೆ. ಮೇಲಿನ ಮಹಡಿಯಲ್ಲಿ ಕೊನೆಯದು. ಕಬ್ಬಿಣದ ಮಂಚ, ಒಂದು ಮೇಜು, ಹೊರಗಿನ ಕೊಂಬೆಯೊಂದು ತಾಗುವಷ್ಟು ಹತ್ತಿರವಿದ್ದ ಕಿಟಕಿ. ಬಾಗಿಲು ಹಾಕಿ ಮಂಚದ ಮೇಲೆ ಕುಳಿತೆ. ಎಷ್ಟು ಹೊತ್ತೆಂದು ನೋಡಲಿಲ್ಲ. ಆಮೇಲೆ ಕೆಳಗಿಳಿದು ಬಂದು, ರಿಜಿಸ್ಟರಿನಲ್ಲಿ ನನ್ನ ಹೆಸರಿನ ಮುಂದೆ ಬೇಡವೆಂದು ಬರೆದು ಸಹಿ ಹಾಕಿದೆ. ಪಕ್ಕದಲ್ಲಿ ಕಾರಣ ಬರೆಯಲು ಒಂದು ಉದ್ದನೆಯ ಕಾಲಂ ಇತ್ತು. ಖಾಲಿ ಬಿಟ್ಟು, ಹತ್ತು ಗಂಟೆಯ ತರಗತಿಗೆ ಹೋದೆ.