ಬಾನೆಟ್ ಹಿಡಿದ ಅಕ್ಕ

ದಾಂಡೇಲಿಯ ನಮ್ಮ ಮನೆಯ ಅಂಗಳದಲ್ಲಿ ನಾನೇ ಕಟ್ಟುತ್ತಿದ್ದ ಕಾರಿಗೆ ಅವತ್ತು ಫೈಬರ್ ಬಾನೆಟ್ ಜೋಡಿಸಬೇಕಿತ್ತು. ಒಂದು ಕಡೆ ಹೆಂಡತಿ ಹಿಡಿದಿದ್ದಳು. ಇನ್ನೊಂದು ಕಡೆ ಹಿಡಿಯಬೇಕಿದ್ದ ಗೆಳೆಯ ಬರಲೇ ಇಲ್ಲ. ಅಷ್ಟರಲ್ಲಿ ಉಳವಿಗೆ ಹೊರಟಿದ್ದ ಟೆಂಪೋ ಒಂದು ಗೇಟಿನ ಮುಂದೆ ನಿಂತು, ಹೆಂಗಸೊಬ್ಬರು ದಾರಿ ಕೇಳಲು ಒಳಗೆ ಬಂದರು.

"ಅಕ್ಕಾರ, ದಾರಿ ಹೇಳ್ತೇನಿ, ಮೊದಲ ಇದನ್ನ ಸ್ವಲ್ಪ ಹಿಡೀರಿ," ಎಂದೆ.

ಹಿಡಿದರು. "ಏನ್ರೀ ಇದು, ಇಷ್ಟು ಹಗುರ ಐತಿ! ಗಾಳಿಗೆ ಹಾರೂದಿಲ್ಲೇನು?"

"ಬೋಲ್ಟ್ ಬಿಗಿದ್ರ ಹಾರೂದಿಲ್ರೀ. ಅಲುಗಾಡಿಸಬ್ಯಾಡ್ರಿ, ಬಿರುಕು ಬಿಡ್ತೈತಿ."

ನಾನು ಡ್ರಿಲ್ ಒತ್ತಿದ್ದೇ ತಡ, ಹೊರಗೆ ಟೆಂಪೋದ ಹಾರ್ನ್ ಶುರುವಾಯಿತು. ಅಕ್ಕ ಎಲ್ಲಿ ಕೈ ಬಿಡುತ್ತಾರೋ ಎಂದು ಡ್ರಿಲ್ ನಿಲ್ಲಿಸಿದೆ. ಅವರು ಮಾತ್ರ ಹಿಡಿತ ಸಡಿಲಿಸದೆ ಗೇಟಿನತ್ತ ಕೂಗಿದರು: "ತಡೀರೋ! ಇಲ್ಲೆ ಕಾರ್ ಹುಟ್ಟಾಕ ಹತ್ತೈತಿ! ಎಲ್ಲಾರೂ ಇಳದು ಬರ್ರಿ!"

ಟೆಂಪೋ ಖಾಲಿಯಾಯಿತು. ಬಾನೆಟ್ಟಿನ ಸುತ್ತ ಕೈಗಳೇ ಕೈಗಳು. ಕೊನೆಯ ಬೋಲ್ಟ್ ಬಿಗಿದು ಬಾನೆಟ್ ಎತ್ತಿ ಇಳಿಸಿದೆ. ಟಪ್ ಎಂದು ಕೂತಿತು, ಎಲ್ಲೂ ಸಂದಿ ಕಾಣಲಿಲ್ಲ. ಎಲ್ಲರೂ ಚಪ್ಪಾಳೆ ಹೊಡೆದರು, ನಾನು ಕುಣಿದೇಬಿಟ್ಟೆ.

"ನಡೀರಿ ಹಂಗಾರ, ಉಳವಿಗೆ ಇದರಾಗ ಹೋಗೂಣು," ಎಂದರು ಅಕ್ಕ.

ನಾನು ಮೆಲ್ಲಗೆ ಬಾನೆಟ್ ಎತ್ತಿ ತೋರಿಸಿದೆ. ಇಂಜಿನ್ ಇನ್ನೂ ಕೂಡಿಸಿರಲಿಲ್ಲ.

ಅಕ್ಕ ಬಗ್ಗಿ ನೋಡಿ, "ಅಯ್ಯ, ಹಂಗಾರ ನೀವಿಬ್ಬರೂ ನಮ್ಮ ಟೆಂಪೋದಾಗ ಬರ್ರಿ. ದಾರೀನೂ ತೋರಿಸಿದಂಗಾತು," ಎಂದರು.

ಹೋದೆವು. ಡ್ರಿಲ್ಲಿಗೆ ಹಾರಿದ ಫೈಬರ್ ಪುಡಿ ಮೆತ್ತಿ ತುರಿಸುತ್ತಿದ್ದ ಕೈ ಕೆರೆದುಕೊಳ್ಳುತ್ತಾ ದಾರಿಯುದ್ದಕ್ಕೂ ನನ್ನ ಕಾರಿನ ಕಥೆ ಹೇಳಿದೆ. ಉಳವಿಯಲ್ಲಿ ಇಳಿಯುವಷ್ಟರಲ್ಲಿ ಟೆಂಪೋದವರೆಲ್ಲ ಕೆರೆದುಕೊಳ್ಳುತ್ತಿದ್ದರು.